ಕುಬಸದೊಳಗೆ ಬಿಟ್ಟ ಬಟ್ಟೆ

ನನ್ನ ಹೆಂಡತಿಯ ಆಪರೇಷನ್ ಆಗಿ ನಾಲ್ಕು ತಿಂಗಳು ಕಳೆದಿತ್ತು. ಒಂದು ಸೋಮವಾರ ಬೆಳಿಗ್ಗೆ ಅವಳ ಕುಬಸ ಬಗಲಲ್ಲಿ ಬಿಗಿಯಾಗಿರುವುದನ್ನು ನೋಡಿದೆ. ಕುಬಸವೆಂದರೆ ರವಿಕೆ, ನಮ್ಮ ಬಾಗಲಕೋಟೆ ಕಡೆ ಹಾಗೇ ಅನ್ನುವುದು. ಹಿಂದಿನ ವಾರ ನಾನೇ ಪಿನ್ನು ಹಾಕಿ ಅವಳ ಮೈಗೆ ಸಣ್ಣ ಮಾಡಿಕೊಟ್ಟ ಹಳೆಯ ಕುಬಸ ಅದು, ಆಮೇಲೆ ಅವತ್ತೇ ಮೊದಲ ಸಲ ಹಾಕಿಕೊಂಡಿದ್ದಳು. ಇಪ್ಪತ್ತಾರು ವರ್ಷ ಹೆಂಗಸರ ಬಟ್ಟೆ ಹೊಲಿದವನಿಗೆ ಯಾವುದು ಬಿಗಿ, ಯಾವುದು ಸಡಿಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಚೀಲ ತೆಗೆದುಕೊಳ್ಳಲು ತೋಳು ಎತ್ತಿದಾಗ ಬಗಲ ಹತ್ತಿರ ಬಟ್ಟೆ ಎಳೆದು ಸುಕ್ಕಾಯಿತು. ಆ ಸುಕ್ಕು ನೋಡಿದ ಕೂಡಲೇ ನನ್ನ ತಲೆಯಲ್ಲಿ ಒಂದು ಮಾತು ಬಂದು ಕೂತಿತು. ಇವಳು ಕದ್ದು ತಿನ್ನುತ್ತಿದ್ದಾಳೆ.

ಮನೆಯಲ್ಲಿ ನಾವಿಬ್ಬರೇ. ಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ. ಅಂಧೇರಿ ಪೂರ್ವದ ಒಂದು ಚಾಳಿನಲ್ಲಿ ನಮ್ಮ ಒಂದೇ ಕೋಣೆಯ ಖೋಲಿ, ಅಲ್ಲಿಂದ ಆರು ನಿಮಿಷ ನಡೆದರೆ ನನ್ನ ಅಂಗಡಿ. ಅಂಗಡಿಯೆಂದರೆ ಎರಡು ಮಷೀನು, ಒಂದು ಇಸ್ತ್ರಿ ಟೇಬಲ್ಲು, ಗಿರಾಕಿ ಕೂರಲು ಒಂದು ಸ್ಟೂಲು. ಹಳೆಯದೊಂದು ತುಳಿಯುವ ಮಷೀನು ಖೋಲಿಯಲ್ಲೇ ಇದೆ. ಅವಳು ಸಾಂತಾಕ್ರೂಜಿನಲ್ಲಿ ಎರಡು ಮನೆಗೆ ಅಡುಗೆ ಮಾಡುತ್ತಾಳೆ. ಬೆಳಿಗ್ಗೆ ಏಳೂವರೆಯ ಲೋಕಲ್ ಹಿಡಿದರೆ ಮಧ್ಯಾಹ್ನ ಎರಡಕ್ಕೆ ತಿರುಗಿ ಬರುವುದು.

ಮದುವೆಯಾದಾಗ ಅವಳು ಸಣ್ಣಗಿದ್ದಳು. ಮಗಳು ಹುಟ್ಟಿದ ಮೇಲೆ ಮೈ ಬಂತು, ಆಮೇಲೆ ವರ್ಷಕ್ಕಿಷ್ಟು ಎಂದು ಬರುತ್ತಲೇ ಹೋಯಿತು. ಎರಡು ಮನೆಯಲ್ಲಿ ಹಸಿದುಕೊಂಡು ಅಡುಗೆ ಮಾಡಿ, ನಮ್ಮ ಖೋಲಿಗೆ ಬಂದು ಊಟಕ್ಕೆ ಕೂತರೆ ನಾಲ್ಕು ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಮೇಲೆ ಮೊಸರನ್ನ. ಕೂತವಳು ಎದ್ದು ಬೇರೆ ಕೆಲಸಕ್ಕೆ ಹೋದರೂ ಕೈಯಲ್ಲಿ ಒಂದು ತುಂಡು ಬೆಲ್ಲ ಇರುತ್ತಿತ್ತು. ನೂರಿಪ್ಪತ್ತೊಂದು ಕಿಲೋ ಆದಳು. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಹಿಡಿಯಿತು, ಮಲಗಿದರೆ ಉಸಿರು ನಿಂತು ನಿಂತು ಬರುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಅಂಧೇರಿ ಸ್ಟೇಷನ್ನಿನ ಬ್ರಿಜ್ಜಿನ ಮೆಟ್ಟಿಲ ಮೇಲೆ ಅವಳು ಕೂತುಬಿಟ್ಟಳು. ಯಾರೋ ಅವಳ ಮೊಬೈಲಿನಿಂದ ನನಗೆ ಫೋನ್ ಮಾಡಿದರು. ನಾನು ಓಡಿ ಹೋದಾಗ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಜನ ಎರಡೂ ಕಡೆಯಿಂದ ಇಳಿಯುತ್ತಿದ್ದರು, ಹತ್ತುತ್ತಿದ್ದರು. ಅವಳ ಒಂದು ಚಪ್ಪಲಿ ಯಾರದೋ ಕಾಲಿಗೆ ಸಿಕ್ಕಿ ಐದು ಮೆಟ್ಟಿಲು ಕೆಳಗೆ ಬಿದ್ದಿತ್ತು. ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಾಗ ನಾನು ಅವಳು ಹೋದಳೆಂದೇ ತಿಳಿದಿದ್ದೆ. ಹೋಗಿರಲಿಲ್ಲ. ಆದರೆ ಡಾಕ್ಟರು ಹೇಳಿದ್ದನ್ನು ನಾನು ಮರೆಯಲಿಲ್ಲ. ಈ ತೂಕ ಹೀಗೇ ಇದ್ದರೆ ಹೃದಯ ಬಹಳ ದಿನ ತಡೆಯುವುದಿಲ್ಲ.

ಅವಳು ಅಡುಗೆ ಮಾಡುವ ಒಂದು ಮನೆಯ ಬಾಯಿ, ಅಂದರೆ ಮನೆಯೊಡತಿ, ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾರೆ. ಅವರೇ ಅಲ್ಲಿ ಮಾತಾಡಿ ಹೊಟ್ಟೆ ಸಣ್ಣ ಮಾಡುವ ಆಪರೇಷನ್ನಿಗೆ ಅವಳ ಹೆಸರು ಬರೆಸಿದರು. ಬೇರಿಯಾಟ್ರಿಕ್ ಅನ್ನುತ್ತಾರೆ. ಇಡೀ ಜಠರದಲ್ಲಿ ಬಾಳೆಹಣ್ಣಿನಷ್ಟು ಉಳಿಸಿ ಮಿಕ್ಕದ್ದನ್ನು ಕತ್ತರಿಸಿ ತೆಗೆಯುತ್ತಾರೆ. ಡಾಕ್ಟರು ಚಿತ್ರ ಬರೆದು ತೋರಿಸಿದಾಗ ನಾನು ಟೇಲರ್ ಬುದ್ಧಿಯಿಂದ ಕೇಳಿದೆ, ಕತ್ತರಿಸಿದ ಅಂಚನ್ನು ಹೇಗೆ ಹೊಲಿಯುತ್ತೀರಿ ಎಂದು. ಪಿನ್ನು ಹೊಡೆಯುತ್ತೇವೆ ಎಂದರು. ಹೊಲಿದದ್ದು ಬಿಚ್ಚಿ ಮತ್ತೆ ದೊಡ್ಡದಾಗುತ್ತದೆಯೇ ಎಂದು ಕೇಳಿದೆ. ಬಿಚ್ಚುವುದಿಲ್ಲ, ಆದರೆ ಸುಮ್ಮನೆ ತಿನ್ನುತ್ತಾ ಹೋದರೆ ಮೆಲ್ಲಗೆ ಹಿಗ್ಗುತ್ತದೆ, ತೂಕ ವಾಪಸ್ ಬಂದವರೂ ಇದ್ದಾರೆ ಎಂದರು. ಆಪರೇಷನ್ನಿನ ಬಗ್ಗೆ ಅವರು ಹೇಳಿದ ಎಷ್ಟೋ ಒಳ್ಳೆಯ ಮಾತು ನನಗೆ ನೆನಪಿಲ್ಲ. ಇದೊಂದು ಮಾತ್ರ ನೆನಪು ಉಳಿಯಿತು.

ಮೊದಲ ಎರಡು ವಾರ ಬರೀ ನೀರಿನಂಥ ಬೇಳೆಕಟ್ಟು, ಮಜ್ಜಿಗೆ. ಆಮೇಲೆ ಎರಡು ವಾರ ಮಿಕ್ಸರಿಗೆ ಹಾಕಿ ಗಂಜಿ ಮಾಡಿದ್ದು. ಆಮೇಲೆ ಮೆತ್ತಗಿನದು. ಚಹಾದ ಬಟ್ಟಲಿನಲ್ಲಿ ಅರ್ಧದಷ್ಟು ಊಟ, ಅದೂ ಸಣ್ಣ ಚಮಚದಲ್ಲಿ, ಅರ್ಧ ಗಂಟೆ ಕೂತು. ಒಂದು ತುತ್ತನ್ನು ಇಪ್ಪತ್ತೈದು ಸಲ ಅಗಿಯಬೇಕು. ಊಟದ ಜೊತೆಗೆ ನೀರು ಕುಡಿಯಬಾರದು. ಬೇಳೆ, ಕಾಳು, ಪನೀರ್ ಮೊದಲು, ಅನ್ನ ರೊಟ್ಟಿ ಜಾಗ ಉಳಿದರೆ ಮಾತ್ರ. ಹೊಟ್ಟೆ ತುಂಬಿದ್ದು ಅವಳಿಗೆ ಹೊಟ್ಟೆಯಿಂದ ಗೊತ್ತಾಗುತ್ತಿರಲಿಲ್ಲ. ಮೂಗು ಸೋರುತ್ತಿತ್ತು. ಮೂಗಿನಲ್ಲಿ ನೀರು ಬಂದರೆ ಸಾಕು, ಚಮಚ ಕೆಳಗಿಡಬೇಕು. ಒಂದು ತುತ್ತು ಹೆಚ್ಚಾದರೂ ಮೋರಿಯ ಹತ್ತಿರ ಕೂತು ಕಕ್ಕಬೇಕಾಗುತ್ತಿತ್ತು. ದಸರೆಯಲ್ಲಿ ಬೆರಳಿನಷ್ಟು ಹೋಳಿಗೆ ತಿಂದು ಮೈಯೆಲ್ಲ ಬೆವೆತು, ಎದೆ ಡವಡವ ಹೊಡೆದುಕೊಂಡು ಒಂದು ತಾಸು ಮಲಗಿದ್ದಳು.

ಆಸ್ಪತ್ರೆಯಲ್ಲಿ ಊಟದ ವಿಷಯ ನೋಡಿಕೊಳ್ಳುವ ಒಬ್ಬ ಡಯಟಿಶಿಯನ್ ಇದ್ದರು, ಮರಾಠಿಯವರು, ನಮ್ಮ ಮಗಳ ವಯಸ್ಸು. ಏನು ತಿಂದರೂ ವಹಿಯಲ್ಲಿ ಬರೆದು ತರಬೇಕೆಂದು ಅವರು ಹೇಳಿದರು. ಹೆಂಡತಿ ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾನು ಮೂವತ್ತನಾಲ್ಕನೇ ವಯಸ್ಸಿನಲ್ಲಿ ಇಲ್ಲಿನ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯದು ಪಾಸಾದವನು, ಬರೆಯುವುದೆಂದರೆ ಇವತ್ತಿಗೂ ನನಗೆ ಹೆಮ್ಮೆ. ಹಾಗಾಗಿ ವಹಿ ನನ್ನ ಕೈಗೆ ಬಂತು. ಅವಳು ಊಟಕ್ಕೆ ಕೂತಾಗ ನಾನು ಎದುರಿಗೆ ವಹಿ ಹಿಡಿದು ಕೂರುತ್ತಿದ್ದೆ. ಮೊದಮೊದಲು ಚಮಚ ಬರೆದೆ. ಆಮೇಲೆ ಅಗಿಯುವುದನ್ನೂ ಎಣಿಸತೊಡಗಿದೆ. ಹದಿನೆಂಟಕ್ಕೆ ನುಂಗಿದರೆ, "ಇನ್ನಾ ಏಳು ಉಳದಾವ," ಅನ್ನುತ್ತಿದ್ದೆ.

"ಶಾಣ್ಯಾ ಆಗೀರಿ ಬಿಡ್ರಿ," ಅನ್ನುತ್ತಿದ್ದಳು. ಆಗ ನಗುತ್ತಲೇ ಅನ್ನುತ್ತಿದ್ದಳು.

ತೂಕ ಇಳಿಯಿತು. ಪ್ರತಿ ಭಾನುವಾರ ಮೂಲೆಯ ಮೆಡಿಕಲ್ ಅಂಗಡಿಯ ಮಷೀನಿನ ಮೇಲೆ ನಿಲ್ಲಿಸುತ್ತಿದ್ದೆ. ನೂರಹದಿನಾಲ್ಕು, ನೂರೊಂಬತ್ತು, ನೂರಾಮೂರು. ಕುಬಸಗಳು ಹೆಗಲಿನಿಂದ ಜಾರತೊಡಗಿದವು. ಏಳು ಕುಬಸ ಇದ್ದವು, ಎಲ್ಲ ನಾನೇ ಹೊಲಿದವು. ಅವಳಿಗೆ ಹಾಕಿಸಿ, ಎರಡೂ ಪಕ್ಕ ಸಡಿಲಾದ ಬಟ್ಟೆಯನ್ನು ಚಿಮುಟಿ ಪಿನ್ನು ಹಾಕಿ, ಆ ಗುರುತಿನ ಮೇಲೆ ಹೊಲಿಗೆ ಹೊಡೆದುಕೊಟ್ಟೆ. ತಿಂಗಳಿಗೊಮ್ಮೆ ಮತ್ತೆ ಅದೇ ಕೆಲಸ. ಹೆಚ್ಚಾದ ಬಟ್ಟೆಯನ್ನು ಕತ್ತರಿಸಲಿಲ್ಲ. ಮಡಚಿ ಒಳಗೇ ಬಿಟ್ಟೆ.

ಇದು ನಮ್ಮ ಕೆಲಸದ ರೀತಿ. ಧಾರಾವಿಯಲ್ಲಿ ನಾನು ಕೆಲಸ ಕಲಿತ ಉಸ್ತಾದರು ವಿಜಯಪುರದ ಕಡೆಯವರು. ಒಮ್ಮೆ ಒಬ್ಬ ಬಾಣಂತಿಯ ಕುಬಸದ ಮಾರ್ಜಿನ್ ಕತ್ತರಿಸಲು ಹೋದಾಗ ನನ್ನ ಕೈಯಿಂದ ಕತ್ತರಿ ಕಸಿದುಕೊಂಡಿದ್ದರು. "ಕಾಟ್ ನಕ್ಕೊ ರೇ, ಅಂದರ್ ಮೋಡ್ ಕೆ ಡಾಲ್! ನಾಳಿ ಆಕಿ ಮೋಟಿ ಹೋಕೆ ಬಂದ್ರ ಕಪಡಾ ಎಲ್ಲಿಂದ ತರ್ತಿ, ನಿಮ್ಮಪ್ಪನ ಮನ್ಯಾಗಿಂದ?" ಕತ್ತರಿಸಬೇಡ, ಒಳಗೇ ಮಡಚು ಎಂದು ಅವರು ಹೇಳಿದಂದಿನಿಂದ ನಾನು ಯಾವ ಹೆಂಗಸಿನ ಬಟ್ಟೆಯನ್ನೂ ಸಣ್ಣ ಮಾಡುವಾಗ ಕತ್ತರಿಸಿದ್ದಿಲ್ಲ. ಗಿರಾಕಿಗಳಿಗೆ ಒಂದು ಇಂಚು, ಬಹಳವಾದರೆ ಒಂದೂವರೆ ಇಂಚು ಒಳಗಿರುತ್ತದೆ. ನನ್ನ ಹೆಂಡತಿಯ ಕುಬಸದಲ್ಲಿ ಪ್ರತಿ ಪಕ್ಕಕ್ಕೆ ಮೂರೂವರೆ ಇಂಚು ಒಳಗೆ ಹೋಗಿತ್ತು. ಡಾಕ್ಟರು ಹೇಳಿದ ಆ ಒಂದು ಮಾತು ನೆನಪಿದ್ದುದರಿಂದ ನನಗೆ ಅದು ಹೆಚ್ಚು ಅನ್ನಿಸಲಿಲ್ಲ.

ಆಮೇಲೆ ತೊಂಬತ್ತೆಂಟಕ್ಕೆ ಬಂದು ತೂಕ ನಿಂತಿತು. ಒಂದು ಭಾನುವಾರ ತೊಂಬತ್ತೆಂಟು, ಮುಂದಿನ ಭಾನುವಾರ ತೊಂಬತ್ತೆಂಟು. ಐದು ಭಾನುವಾರ ಅದೇ ಅಂಕಿ. ಅರ್ಧ ಬಟ್ಟಲು ತಿನ್ನುವವಳ ತೂಕ ನಿಲ್ಲುವುದು ಹೇಗೆ? ಅದರ ಜೊತೆಗೆ ಆ ಸೋಮವಾರದ ಬಿಗಿ ಕುಬಸ. ನನಗೆ ಬೇರೆ ಸಾಕ್ಷಿ ಬೇಡವಾಯಿತು. ಆದರೂ ಹುಡುಕತೊಡಗಿದೆ.

ಮೊದಲು ಅವಳ ಸೆರಗಿನ ವಾಸನೆ. ಎಣ್ಣೆಯಲ್ಲಿ ಕರಿದ ವಾಸನೆ ಬರುತ್ತಿತ್ತು. ಅಡುಗೆ ಮಾಡುವವಳ ಸೆರಗಿನಲ್ಲಿ ಇನ್ನೇನು ವಾಸನೆ ಬರಬೇಕು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಎರಡನೆಯದು ಅವಳ ಚೀಲದಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿ. ದಿನವೂ ತೊಳೆದು ಹಸಿಯಾಗಿರುತ್ತಿತ್ತು. ಬೆಳಿಗ್ಗೆ ಮನೆಯಿಂದ ಅವಳು ಏನನ್ನೂ ಕಟ್ಟಿಕೊಂಡು ಹೋಗುವುದಿಲ್ಲ. ಹಾಗಾದರೆ ಡಬ್ಬಿ ಹಸಿಯಾಗುವುದು ಹೇಗೆ? ಕೇಳಲಿಲ್ಲ. ಕೇಳಿದರೆ ಹುಷಾರಾಗುತ್ತಾಳೆ ಎಂದುಕೊಂಡೆ.

ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ಒಂದನ್ನು ಅಂಗಡಿಯಿಂದ ಮನೆಗೆ ತಂದೆ. ಅವಳು ಕೆಲಸಕ್ಕೆ ಹೋದ ಮೇಲೆ ಸಕ್ಕರೆ ಬರಣಿ, ಬೆಲ್ಲದ ಬರಣಿ, ಶೇಂಗಾ ಹಿಂಡಿಯ ಬಾಟಲಿ, ಮೂರಕ್ಕೂ ಹೊರಗಡೆಯಿಂದ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಸಣ್ಣ ಗೆರೆ ಎಳೆದೆ. ಸಂಜೆ ಬಂದು ನೋಡಿದರೆ ಗೆರೆಯೇ ಇರಲಿಲ್ಲ. ಬರಣಿಗಳೆಲ್ಲ ಹೊಳೆಯುತ್ತಿದ್ದವು. ಮರುದಿನ ಮತ್ತೆ ಎಳೆದೆ, ಮತ್ತೆ ಒರೆಸಿದ್ದಳು. ಏನೂ ಇಲ್ಲದಿದ್ದರೆ ಯಾಕೆ ಒರೆಸಬೇಕು ಎಂದು ನನ್ನ ಅನುಮಾನ ಹೆಚ್ಚಾಯಿತು. ಹೀಗೆ ಒಂದು ವಾರ ಅವಳು ಒರೆಸುವುದು, ನಾನು ಎಳೆಯುವುದು ನಡೆಯಿತು.

ಅಷ್ಟರಲ್ಲಿ ಪಕ್ಕದ ಖೋಲಿಯಾಕೆ ಅಂಗಡಿಗೆ ಬಂದಳು. ಕಲಬುರಗಿ ಕಡೆಯ ಹೆಂಗಸು, ಚಾಳಿನಲ್ಲಿ ನಮಗೆ ಬೇಕಾದವಳು, ನಾಲಿಗೆ ಮಾತ್ರ ಉದ್ದ. ಸಲ್ವಾರಿಗೆ ಲಾಡಿ ಹಾಕಿಸಿಕೊಳ್ಳುತ್ತಾ ಸ್ಟೂಲಿನ ಮೇಲೆ ಕೂತು ಅಂದಳು, "ಯಾಕ್ರಿ ಭಾಯ್, ಮನ್ಯಾಗ ಚೂಲಾ ಹಚ್ಚೂದು ಬಂದ್ ಮಾಡೀರೇನು?"

"ಯಾಕ್ರಿ?"

"ಭಾಬಿ ಸಾಂತಾಕ್ರೂಜ್ ಸ್ಟೇಷನ್ದಾಗ ಬೆಂಚಿನ ಮ್ಯಾಲೆ ಕುಂತು ಖಾನಾ ಖಾತಿದ್ರು. ಎಷ್ಟು ಆರಾಮಾಗಿ ಅಂತೀರಿ! ಎರಡು ಗಾಡಿ ಬಿಟ್ರೂ ಖಬರ್ ಇಲ್ಲ."

"ಏನು ತಿನ್ನಾಕತ್ತಿದ್ಲು?"

"ಅಯ್ಯ, ಮೈ ಡಬ್ಬಾ ಮೇ ಝಾಕ್ ಕೆ ನೋಡ್ಲೇನು? ನಿಮ್ಮ ಹೇಂತಿ, ನೀವು ಕೇಳ್ರಿ," ಎಂದು ನಕ್ಕು ಸಲ್ವಾರ್ ಮಡಚಿಕೊಂಡು ಹೋದಳು.

ಮರುದಿನ ಹನ್ನೆರಡೂವರೆಗೆ ಒಂದು ಕುಬಸವನ್ನು ಅರ್ಧಕ್ಕೇ ಬಿಟ್ಟು, ಷಟರ್ ಎಳೆದು ಸ್ಟೇಷನ್ನಿಗೆ ನಡೆದೆ. ಸಾಂತಾಕ್ರೂಜಿನಲ್ಲಿ ಇಳಿದು ಚಹಾದ ಸ್ಟಾಲಿನ ಹಿಂದೆ ನಿಂತೆ. ಒಂದು ಗಂಟೆ ದಾಟಿದ ಮೇಲೆ ಅವಳು ಬ್ರಿಜ್ಜು ಇಳಿದು ಬಂದಳು. ನಿಂತು ಉಸಿರು ತೆಗೆದುಕೊಳ್ಳದೆ, ಕಂಬಿ ಹಿಡಿಯದೆ ಇಳಿದಳು. ಬ್ರಿಜ್ಜಿನ ಮೆಟ್ಟಿಲನ್ನು ಅವಳು ಅಷ್ಟು ಸಲೀಸಾಗಿ ಇಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಅದನ್ನು ನೋಡಲು ನಾನು ಹೋಗಿರಲಿಲ್ಲ.

ಗಾಡಿಯ ಹೆಂಗಸರ ಡಬ್ಬಿ ಬಂದು ನಿಲ್ಲುವ ಕಡೆಯ ಬೆಂಚಿನಲ್ಲಿ ಕೂತಳು. ಚೀಲದಿಂದ ಆ ಸಣ್ಣ ಡಬ್ಬಿ ತೆಗೆದಳು. ಚಮಚದಲ್ಲಿ ಏನೋ ಬೆಳ್ಳಗಿನದನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಪೇಢಾ ಇರಬೇಕು, ಇಲ್ಲವೇ ಖೋವಾ, ಎಂದುಕೊಂಡೆ. ಬಾಯಿ ಮೆಲ್ಲಗೆ ಆಡುತ್ತಿತ್ತು. ಮುಖದಲ್ಲಿ ಮನೆಯಲ್ಲಿ ಊಟಕ್ಕೆ ಕೂತಾಗ ಕಾಣದ ಒಂದು ನೆಮ್ಮದಿ ಇತ್ತು. ಒಂದು ಗಾಡಿ ಬಂತು, ಹೋಯಿತು. ಅವಳು ಏಳಲಿಲ್ಲ. ಬ್ರಿಜ್ಜಿನ ಮೇಲೆ ಚಪ್ಪಲಿ ಹಿಡಿದು ನಿಂತವನು ನಾನು, ಇಲ್ಲಿ ಕೂತು ಪೇಢಾ ತಿನ್ನುವವಳು ಇವಳು. ಎದುರಿಗೆ ಹೋಗಿ ಡಬ್ಬಿ ಕಸಿಯಬೇಕೆನ್ನಿಸಿತು, ಧೈರ್ಯ ಬರಲಿಲ್ಲ. ಮುಂದಿನ ಗಾಡಿ ಹಿಡಿದು ಅವಳಿಗಿಂತ ಮೊದಲೇ ಅಂಗಡಿ ಸೇರಿದೆ.

ಆ ವಾರವೇ ಆಸ್ಪತ್ರೆಯ ತಾರೀಖಿತ್ತು. ಡಯಟಿಶಿಯನ್ನರ ಎದುರಿಗೆ ಎಲ್ಲ ಹೇಳಿಬಿಡುವುದೆಂದು ನಿರ್ಧಾರ ಮಾಡಿಕೊಂಡೇ ಹೋದೆ. ಅವರು ಮೊದಲು ವಹಿ ಓದಲು ಹೇಳಿದರು. ನಾನು ಕನ್ನಡದಲ್ಲಿ ಬರೆದದ್ದನ್ನು ಹಿಂದಿಯಲ್ಲಿ ಓದಿದೆ. ಬೆಳಿಗ್ಗೆ ಎರಡು ಚಮಚ ಉಪ್ಪಿಟ್ಟು, ಮಧ್ಯಾಹ್ನ ಮೂರು ಚಮಚ ಬೇಳೆ, ಸಂಜೆ ಏನೂ ಬೇಡ ಎಂದಳು, ಹೀಗೆ. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು.

"ಕಾಕಾ, ಬಸ್ ಇತನಾ ಹೀ? ಪೂರಾ ದಿನ್ ಮೇ?" ಇಡೀ ದಿನಕ್ಕೆ ಇಷ್ಟೇನಾ ಎಂದರು. ಆಮೇಲೆ ಅವಳ ಕಡೆ ತಿರುಗಿ ತಲೆಯ ಮೇಲಿನ ಸೆರಗು ಸರಿಸಿ ನೋಡಿದರು. ನಡುಬೈತಲೆ ಎರಡು ಬೆರಳು ಅಗಲವಾಗಿತ್ತು. ಬಾಚಣಿಗೆಯಲ್ಲಿ ಕೂದಲು ಬರುತ್ತಿದ್ದುದು ನನಗೆ ಗೊತ್ತಿತ್ತು, ಇಷ್ಟೆಂದು ಗೊತ್ತಿರಲಿಲ್ಲ. ಇಷ್ಟು ಕಡಿಮೆ ತಿಂದರೆ ಕೂದಲು ಉಳಿಯುವುದಿಲ್ಲ, ಶಕ್ತಿ ಉಳಿಯುವುದಿಲ್ಲ ಎಂದು ಬೈದರು. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಹೆಚ್ಚು ತಿನ್ನುತ್ತಾಳೆಂದು ದೂರು ಹೇಳಲು ಬಂದವನು ನಾನು, ಕಡಿಮೆ ತಿನ್ನುತ್ತಾಳೆಂದು ಬೈಯುತ್ತಿದ್ದಾರೆ ಅವರು.

ಆದರೂ ಕೇಳಿದೆ. ಮತ್ತೆ ತೂಕ ಯಾಕೆ ನಿಂತಿದೆ?

ಈ ಹೊತ್ತಿಗೆ ಎಲ್ಲರಿಗೂ ಸ್ವಲ್ಪ ದಿನ ನಿಲ್ಲುತ್ತದೆ, ತೂಕದ ಕಾಟಾ ನಿಂತರೂ ಮೈ ಇಳಿಯುತ್ತಲೇ ಇರುತ್ತದೆ, ನೋಡಿ ಎಂದು ಅವರು ಮೇಜಿನ ಮೇಲಿದ್ದ ಟೇಪು ತೆಗೆದುಕೊಂಡರು. ಸೊಂಟ ಅಳೆದರು. ಕಳೆದ ಸಲಕ್ಕಿಂತ ಮೂರು ಇಂಚು ಕಡಿಮೆ. ಎದೆ ಎರಡು ಇಂಚು ಕಡಿಮೆ. ದಿನಕ್ಕೆ ಹತ್ತು ಹೆಂಗಸರ ಅಳತೆ ತೆಗೆಯುವ ನಾನು ತೂಕ ನಿಂತ ಮೇಲೆ ಒಂದು ಸಲವೂ ಹೆಂಡತಿಗೆ ಟೇಪು ಹಿಡಿದಿರಲಿಲ್ಲ. ಪಿನ್ನು ಹಿಡಿದಿದ್ದೆ, ಕಾಟಾ ನೋಡಿದ್ದೆ, ಬರಣಿಗೆ ಗೆರೆ ಎಳೆದಿದ್ದೆ.

ತೋಳಿನ ಅಳತೆಗೆ ಅವಳ ಕೈ ಎತ್ತಿಸಿದರು. ಅವಳು "ಸ್ಸ್" ಎಂದಳು. ಬಗಲಿನಲ್ಲಿ ಚರ್ಮ ಕೆಂಪಾಗಿ ಕಿತ್ತುಹೋಗಿತ್ತು, ಒಂದು ಕಡೆ ನೀರಾಡುತ್ತಿತ್ತು. ಡಯಟಿಶಿಯನ್ ಕುಬಸದ ಪಕ್ಕದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಅಮುಕಿ ನೋಡಿದರು.

"ಯೇ ಅಂದರ್ ಕ್ಯಾ ಭರಾ ಹೈ? ಗಾದೀ? ಕೌನ್ ಹೈ ಇನಕಾ ಟೇಲರ್?" ಒಳಗೇನು ಹಾಸಿಗೆ ತುಂಬಿದೆಯೇ, ಇವರ ಟೇಲರ್ ಯಾರು ಎಂದರು.

"ಮೈಂ," ನಾನೇ ಎಂದೆ.

"ಇತನಾ ಕಪಡಾ ಕ್ಯೂಂ ರಖಾ, ಕಾಕಾ?" ಇಷ್ಟು ಬಟ್ಟೆ ಯಾಕೆ ಬಿಟ್ಟಿರಿ ಎಂದರು.

ಆ ಕ್ಷಣದಲ್ಲಿ ಬೇರೆ ಏನಾದರೂ ಹೇಳಬಹುದಿತ್ತು. ಉಸ್ತಾದರ ಹೆಸರು ಹೇಳಬಹುದಿತ್ತು. ಬಾಯಿಗೆ ಬಂದದ್ದು ನಿಜವೇ. "ಫಿರ್ ಸೆ ಮೋಟೀ ಹೋ ಗಯೀ ತೊ ಖೋಲನೇ ಕೆ ಲಿಯೇ."

ಮತ್ತೆ ದಪ್ಪಗಾದರೆ ಬಿಚ್ಚುವುದಕ್ಕೆ. ನನ್ನ ಹೆಂಡತಿಗೆ ಇಷ್ಟು ಹಿಂದಿ ಚೆನ್ನಾಗಿಯೇ ತಿಳಿಯುತ್ತದೆ. ಅವಳು ಗೋಡೆಗೆ ಅಂಟಿಸಿದ್ದ ಹಣ್ಣು ತರಕಾರಿಗಳ ಚಿತ್ರ ನೋಡುತ್ತಾ ಕೂತಳು. ಡಯಟಿಶಿಯನ್ ಮುಲಾಮು ಬರೆದುಕೊಟ್ಟು, ಇನ್ನು ಇಂಥ ಬಟ್ಟೆ ಹಾಕಬೇಡಿ ಎಂದರು. ಈಗ ನನಗೆ ಲೆಕ್ಕ ಬಗೆಹರಿಯಿತು. ಪಿನ್ನು ಹಿಡಿದಾಗ ಸರಿಯಾಗಿಯೇ ಇದ್ದ ಕುಬಸ, ಆ ಬಟ್ಟೆಯನ್ನೆಲ್ಲ ಒಳಕ್ಕೆ ಮಡಚಿ ಹೊಲಿದ ಮೇಲೆ ಬಿಗಿಯಾಗಿತ್ತು. ಬಗಲಲ್ಲಿ ಆರು ಪದರ ಬಟ್ಟೆ. ಅವಳು ಇಳಿದಷ್ಟೂ ನಾನು ತುಂಬಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದವನು ಹೀಗೆ ಮಾಡಿದ್ದರೆ ನಾನು ಕಿವಿ ಹಿಂಡುತ್ತಿದ್ದೆ.

ತಿರುಗಿ ಬರುವಾಗ ಅವಳು ಹೆಂಗಸರ ಡಬ್ಬಿ ಹತ್ತಿದಳು, ನಾನು ಬೇರೆ ಡಬ್ಬಿ. ಖೋಲಿಗೆ ಬಂದು ಅವಳು ಕೈಕಾಲು ತೊಳೆದು, ಮಗಳ ಹಳೆಯ ಸಡಿಲ ನೈಟಿ ಹಾಕಿಕೊಂಡಳು. ಸಂಜೆ ಐದು ಗಂಟೆ. ನಾನು ಅಂಗಡಿಗೆ ಹೋಗಲಿಲ್ಲ.

"ನಿನಗ ಗೊತ್ತಿದ್ದಿಲ್ಲ," ಎಂದೆ. "ನಾನರ ಹೇಳಬೇಕಿತ್ತು."

"ಯಾವುದು?"

"ಒಳಗ ಬಟ್ಟಿ ಬಿಟ್ಟಿದ್ದು."

ಅವಳು ನಕ್ಕಳು. ಒಳ್ಳೆಯ ನಗು ಅಲ್ಲ. "ಕುಬಸ ಒಗಿಯಾಕಿ ಯಾರ್ರಿ? ನೀವೇನು? ವಾರಕ್ಕ ಎರಡು ಸರ್ತಿ ತಿರುವಿ ಹಾಕಿ ದಾರದ ಮ್ಯಾಲೆ ಒಣಗಸ್ತೀನಿ. ಬಾಜೂದಾಕಿ ನೋಡಿ, ಇದೇನು ಭಾಬಿ, ಒಂದ ಕುಬಸದಾಗ ಇನ್ನೊಂದು ಕುಬಸಾ ಅಂತ ನಕ್ಕಿದ್ಲು. ಮೊದಲನೇ ತಿಂಗಳದಾಗ ಗೊತ್ತಾಗೇತಿ ನನಗ."

"ಮತ್ತ ಯಾಕ ಸುಮ್ಮನಿದ್ದಿ?"

"ಏನಂತ ಕೇಳ್ಲಿ? ನಾ ತಿರುಗಿ ಡೊಳ್ಳು ಆಗಂಗಿಲ್ಲ, ನಂಬ್ರಿ ಅಂತ ಕೈ ಮುಗೀಲೇನು?" ಅವಳ ದನಿ ತಗ್ಗಿತು. "ಒಗಿಯೂ ಮುಂದ ಆ ಮಡಿಕಿ ಕೈಗೆ ಹತ್ತಿದಾಗೊಮ್ಮೆ ನನಗ ಅಂಜಿಕಿ ಬರತಿತ್ತು. ಟೇಲರ್ ಇದ್ದಾರು, ಎಷ್ಟು ಹೆಂಗಸರ ಮೈ ನೋಡ್ಯಾರು, ಇವ್ರ ಇಷ್ಟು ಬಿಟ್ಟಾರಂದ್ರ ಖರೇನ ಎಲ್ಲಾ ತಿರುಗಿ ಬರತೈತೇನೋ ಅಂತ."

ಇಷ್ಟು ಕೇಳಿದ ಮೇಲೂ ನನ್ನ ಅನುಮಾನ ಸುಮ್ಮನಿರಲಿಲ್ಲ. "ಹಂಗಾರ ಸ್ಟೇಷನ್ದಾಗ ಏನು ತಿಂತಿ?" ಎಂದೆ.

"ಅದಕ್ಕೂ ಬಂದ್ರೇನು? ಹೂಂ. ನಾನೂ ಇವತ್ತು ಕೇಳ್ತಾರ, ನಾಳಿ ಕೇಳ್ತಾರ ಅಂತ ಕಾಯಾಕತ್ತಿದ್ದೆ."

"ನೀ ನೋಡಿದ್ಯಾ?"

"ನೋಡದ ಏನು! ಚಾದ ಸ್ಟಾಲಿನ ಹಿಂದ ಕಳ್ಳನಂಗ ನಿಂತಿದ್ರಿ. ಕೊರಳಾಗ ಹಳದಿ ಟೇಪು! ಅಡಗಾಕ ಬರೂ ಮಂದಿ ಟೇಪರ ತಗದಿಟ್ಟು ಬರಬೇಕೊ ಬ್ಯಾಡೋ? ಇಡೀ ಪ್ಲಾಟ್‌ಫಾರ್ಮಿಗೆ ಕಾಣತಿತ್ತು."

ನನ್ನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಟೇಪು ಅಲ್ಲೇ ಇತ್ತು. ಆಸ್ಪತ್ರೆಗೂ ಹಾಕಿಕೊಂಡೇ ಹೋಗಿದ್ದೆ.

ಅವಳು ಚೀಲ ತೆಗೆದು ಆ ಡಬ್ಬಿಯನ್ನು ನನ್ನ ಎದುರಿಗಿಟ್ಟು ಮುಚ್ಚಳ ಬಿಚ್ಚಿದಳು. ಅಡುಗೆ ಕೆಲಸ ಮುಗಿಸಿ ಆಸ್ಪತ್ರೆಗೆ ಬರುವ ಗಡಿಬಿಡಿಯಲ್ಲಿ ಅವತ್ತು ತಿಂದಿರಲಿಲ್ಲ. ಬೇಯಿಸಿದ ಹೆಸರುಬೇಳೆ, ಮೇಲೆ ಪುಡಿ ಮಾಡಿದ ಪನೀರ್. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆ ಬಾಯಿ ತಮ್ಮ ಮನೆಯಲ್ಲೇ ದಿನಾ ಮಾಡಿಕೋ ಎಂದು ಹೇಳಿದ್ದರಂತೆ. ನಾನು ಕಂಡ ಪೇಢಾ ಅದೇ.

"ಮನ್ಯಾಗ ಯಾಕ ತಿನ್ನಂಗಿಲ್ಲ ಇದನ್ನ? ವಹಿದಾಗರ ಬರೀತಿದ್ದೆ."

"ಅದಕ್ಕ ತಿನ್ನಂಗಿಲ್ಲ. ನೀವು ಎದುರಿಗೆ ಕುಂತು ಎಣಸ್ತೀರಿ. ಬಾಯಿ ಬಿಟ್ಟು ಅನ್ನಂಗಿಲ್ಲ ಈಗೀಗ, ಆದ್ರ ತುಟಿ ಆಡತಾವ ನಿಮ್ಮವು. ಹದಿನಾರು, ಹದಿನೇಳು. ನನಗ ಗಂಟಲದಾಗ ನಿಂದರತೈತಿ. ಎಷ್ಟು ಸರ್ತಿ ಮೋರಿಗೆ ಹೋಗಿ ಕಕ್ಕಿಲ್ಲ ನಾ? ಅಲ್ಲಿ ಬೆಂಚಿನ ಮ್ಯಾಲೆ ಯಾರೂ ನನ್ನ ನೋಡಂಗಿಲ್ಲ. ಗಾಡಿ ಬರತಾವ, ಹೋಗತಾವ. ನನ್ನ ಪಾಡಿಗೆ ನಾ ತಿಂತೀನಿ. ಒಂದ ದಿನಾನೂ ಅಲ್ಲಿ ಕಕ್ಕಿಲ್ಲ."

ಅವಳು ಅಷ್ಟಕ್ಕೇ ಬಿಡಲಿಲ್ಲ. "ಬರಣಿಗೆಲ್ಲ ಗೆರಿ ಎಳದ್ರಿ. ನನ್ನ ಕುಬಸದಾಗ ಬಟ್ಟಿ ತುಂಬಿದ್ರಿ. ನಿಮ್ಮ ಪ್ಯಾಂಟಿನಾಗ ಇದ್ದ ಬಟ್ಟಿ ಎಲ್ಲಿಗೆ ಹೋತು, ಹೇಳ್ರಿ ನೋಡೂಣು?"

ಅದೂ ನಿಜ. ಆಪರೇಷನ್ ಆದ ಮೇಲೂ ಅವಳು ರೊಟ್ಟಿ ಬಡಿಯುವುದು ಮೊದಲಿನಷ್ಟೇ. ಅವಳ ಪಾಲಿನದನ್ನು ಚೆಲ್ಲಬಾರದೆಂದು ನಾನು ತಿನ್ನುತ್ತಿದ್ದೆ. ನನ್ನ ಪ್ಯಾಂಟುಗಳನ್ನು ಸೊಂಟದಲ್ಲಿ ಎರಡು ಸಲ ಬಿಚ್ಚಿ ದೊಡ್ಡದು ಮಾಡಿಕೊಂಡಿದ್ದೆ. ಇನ್ನು ಬಿಚ್ಚಲು ಒಳಗೆ ಏನೂ ಉಳಿದಿರಲಿಲ್ಲ. ಅಳತೆಯೇ ಕಸುಬಾದ ನನಗೆ ಇದು ಯೋಚನೆಗೆ ಬಂದಿರಲಿಲ್ಲ, ಅಥವಾ ಬಂದರೂ ತಳ್ಳಿದ್ದೆ.

ಅವಳು ಟ್ರಂಕಿನಿಂದ, ದಾರದ ಮೇಲಿಂದ ಏಳೂ ಕುಬಸ ತಂದು ನನ್ನ ಮಷೀನಿನ ಮೇಲೆ ಹಾಕಿದಳು. ಎಲ್ಲಕ್ಕಿಂತ ಮೇಲೆ ಖಣದ ಕುಬಸ ಇತ್ತು. ಗುಳೇದಗುಡ್ಡದ ಖಣ, ಕರಿ ಅಂಚಿನ ಕೆಂಪು. ಅವಳ ತಾಯಿ ತೀರಿ ಹೋಗುವ ಮೊದಲಿನ ವರ್ಷ ಕೊಟ್ಟದ್ದು. ದಪ್ಪ ಮೈಗೆಂದು ಎರಡು ಖಣ ಸೇರಿಸಿ ನಾನೇ ಹೊಲಿದಿದ್ದೆ. ಅಂಥ ಬಣ್ಣ ಈಗ ಹುಡುಕಿದರೂ ಸಿಗುವುದಿಲ್ಲ.

"ಕತ್ತರಸ್ರಿ," ಎಂದಳು.

"ಬಾಕಿ ಆರೂ ಕತ್ತರಸ್ತೀನಿ. ಇದು ಇರ್ಲಿ. ನಿಮ್ಮವ್ವ ಕೊಟ್ಟಿದ್ದು."

"ಇದನ್ನ ಮೊದಲ ಕತ್ತರಸ್ರಿ."

"ಮತ್ತ ಮುಂದ ಬೇಕಾದ್ರ?" ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಸಿಟ್ಟಾಗಲಿಲ್ಲ. "ಬೇಕಾದ್ರ ಹೊಸಾದು ಹೊಲಿಸ್ಕೋತೀನಿ," ಎಂದಳು. "ಬ್ಯಾರೆ ಟೇಲರ್ ಕಡೆ."

ಕತ್ತರಿ ತೆಗೆದುಕೊಂಡೆ. ಕುಬಸವನ್ನು ತಿರುವಿ, ಒಳಗಿನ ಹಳೆಯ ಮೂರು ಸಾಲು ಹೊಲಿಗೆ ಬಿಚ್ಚಿ, ಮಡಿಕೆ ಹರವಿದೆ. ಒಂದೊಂದು ಸಾಲೂ ಒಂದೊಂದು ಸಲ ಅವಳು ಇಳಿದದ್ದು. ಕೊನೆಯ ಹೊಲಿಗೆಯಿಂದ ಅರ್ಧ ಇಂಚು ಬಿಟ್ಟು ಚಾಕಿನಲ್ಲಿ ಗೆರೆ ಎಳೆದೆ. ಅವಳು ಬಗ್ಗಿ ನೋಡಿ, "ಅರ್ಧ ಇಂಚು ಯಾಕ?" ಎಂದಳು. ಅಷ್ಟಿಲ್ಲದಿದ್ದರೆ ಹೊಲಿಗೆ ನಿಲ್ಲುವುದಿಲ್ಲ, ಇದು ಅನುಮಾನ ಅಲ್ಲ ಎಂದೆ. ಆಯಿತು ಎಂಬಂತೆ ತಲೆಯಾಡಿಸಿದಳು. ಕತ್ತರಿಸಿದೆ. ಮೂರು ಇಂಚಿನ ಕೆಂಪು ಪಟ್ಟಿ ನೆಲಕ್ಕೆ ಬಿತ್ತು, ಆಮೇಲೆ ಇನ್ನೊಂದು ಪಕ್ಕದ್ದು.

ಅವಳು ಪಟ್ಟಿಗಳನ್ನು ಎತ್ತಿಕೊಳ್ಳಲಿಲ್ಲ. ಡಬ್ಬಿ, ಚಮಚ ತೆಗೆದುಕೊಂಡು ನನ್ನ ಬೆನ್ನ ಹಿಂದೆ ಬಾಗಿಲ ಕಡೆಗೆ ಹೋಗಿ ಕೂತಳು. "ಹಸಿವಾಗೇತಿ. ತಿರುಗಿ ನೋಡಬ್ಯಾಡ್ರಿ," ಎಂದಳು.

ನಾನು ಗೋಡೆಯ ಕಡೆ ಮುಖ ಮಾಡಿ ಮಷೀನಿನ ಎದುರಿಗೆ ಕೂತಿದ್ದೆ. ಚಮಚ ಸ್ಟೀಲಿಗೆ ತಾಗಿದ ಸದ್ದಾಯಿತು. ಅಷ್ಟು ಸಣ್ಣ ಖೋಲಿಯಲ್ಲಿ ಅಗಿಯುವುದೂ ಕೇಳಿಸುತ್ತದೆ. ಎಣಿಸಬಾರದು ಎಂದುಕೊಂಡೆ. ಡಬ್ಬಿಯಲ್ಲಿ ಎಷ್ಟಿತ್ತು, ಬೆಳಿಗ್ಗೆ ಬೇರೆ ಏನಾದರೂ ತಿಂದಿದ್ದಳೇ, ಆ ಬಾಯಿಯ ಮನೆಯಲ್ಲಿ ಪನೀರ್ ಒಂದನ್ನೇ ಕೊಡುತ್ತಾರೆಯೇ ಎಂದು ತಲೆ ತನ್ನ ಪಾಡಿಗೆ ತಾನು ಕೇಳುತ್ತಿತ್ತು. ತುಟಿ ಆಡಿದ್ದು ಈ ಸಲ ನನಗೇ ಗೊತ್ತಾಯಿತು. ಒಂಬತ್ತು, ಹತ್ತು, ಹನ್ನೊಂದು. ಹನ್ನೊಂದಕ್ಕೆ ಕಾಲು ಪೆಡಲಿನ ಮೇಲಿಟ್ಟು ಜೋರಾಗಿ ತುಳಿದೆ.

"ಏನು ಹೊಲಿಯಾಕತ್ತೀರಿ?" ಎಂದು ಹಿಂದಿನಿಂದ ಕೇಳಿದಳು, ತುಂಬಿದ ಬಾಯಿಯಲ್ಲಿ.

ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. "ಏನಿಲ್ಲ, ನೀ ತಿನ್ನು," ಎಂದು ಹೇಳಿ, ಅವಳು ಮೂಗು ಒರೆಸಿಕೊಂಡು ಡಬ್ಬಿ ತೊಳೆಯಲು ಏಳುವವರೆಗೂ ಖಾಲಿ ಮಷೀನನ್ನು ತುಳಿಯುತ್ತಲೇ ಇದ್ದೆ.